407 ಕಿಲೋಮೀಟರ್ 110 ಆದ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಅಂಚೆಯಲ್ಲಿ ಬಂದ ಐದು ಪತ್ರಗಳು ಭೂಮಿಯ ಉತ್ತರ ತುದಿಯ ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕುರಿತವಾಗಿದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವಿಷ್ಟನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ. ಉಳಿದ ಪತ್ರಗಳ ಉತ್ತರದ ಬೇರು ಅದರಲ್ಲೇ ಇರುವುದರಿಂದ ಓದುಗರು ಬೇಸರಿಸಲಾರರೆಂದು ನಂಬಿದ್ದೇವೆ.

ಪ್ರಶ್ನೆ: ನನ್ನ ತಂಗಿಯ ಮಗಳು ಸಂಶೋಧನೆಯ ಕೆಲಸದ ಮೇಲೆ ಆರ್ಕ್‌ಟಿಕ್ ಪ್ರದೇಶದಲ್ಲಿರುವ ಭಾರತದ ‘ಹಿಮಾದ್ರಿ’ ಕೇಂದ್ರಕ್ಕೆ ಹೊರಟಿದ್ದಾಳೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಲಾಂಗ್‌ಯಿಯರ್‌ಬಿಯೆನ್ ನಿಲ್ದಾಣದಿಂದ ನೀ-ಓಲೆಸುಂಡ್ ಎಂಬ ಊರಿಗೆ ಎರಡು ಪ್ರೊಪೆಲರಿನ ಚಿಕ್ಕ ವಿಮಾನದಲ್ಲಿ ಹೋಗಬೇಕಂತೆ, ಹಾರಾಟ ಇಪ್ಪತ್ತೈದೇ ನಿಮಿಷವಂತೆ. ಅಟ್ಲಾಸ್ ಪ್ರಕಾರ ಮೊದಲ ಊರು 78.25 ಡಿಗ್ರಿ ಉತ್ತರ, 15.47 ಡಿಗ್ರಿ ಪೂರ್ವದಲ್ಲಿದೆ, ಎರಡನೆಯದು 78.93 ಡಿಗ್ರಿ ಉತ್ತರ, 11.87 ಡಿಗ್ರಿ ಪೂರ್ವದಲ್ಲಿದೆ. ಡಿಗ್ರಿಗೆ 111 ಕಿಲೋಮೀಟರಿನಂತೆ ಹಿಡಿದು ಪೈಥಾಗೊರಸ್ ಪ್ರಮೇಯ ಹಾಕಿದರೆ ದೂರ 407 ಕಿಲೋಮೀಟರ್ ಬರುತ್ತದೆ. ಅಷ್ಟು ದೂರವನ್ನು ಇಪ್ಪತ್ತೈದು ನಿಮಿಷದಲ್ಲಿ ಮುಟ್ಟಬೇಕಾದರೆ ಗಂಟೆಗೆ 975 ಕಿಲೋಮೀಟರಿಗೂ ಮಿಗಿಲಾದ ವೇಗ ಬೇಕು. ಪ್ರೊಪೆಲರ್ ವಿಮಾನಕ್ಕೆ ಅದು ಸಾಧ್ಯವೇ? ಹುಡುಗಿ ಅವಧಿಯನ್ನು ತಪ್ಪಾಗಿ ಕೇಳಿಸಿಕೊಂಡಿದ್ದಾಳೆಯೇ, ಅಥವಾ ನನ್ನ ಲೆಕ್ಕವೇ ತಪ್ಪೇ?
— ನಿವೃತ್ತ ಗಣಿತ ಶಿಕ್ಷಕರು, ಸಾಗರ

ಉತ್ತರ: ಮಾನ್ಯ ಮೇಷ್ಟರೇ, ತಮ್ಮ ಗುಣಾಕಾರ, ವರ್ಗಮೂಲ ಎಲ್ಲವೂ ಸರಿಯಾಗಿವೆ, ಹುಡುಗಿ ಕೇಳಿಸಿಕೊಂಡ ಇಪ್ಪತ್ತೈದು ನಿಮಿಷವೂ ಸರಿ. ಜಾರಿದ್ದು ಒಂದೇ ಕಡೆ, ರೇಖಾಂಶದ ಡಿಗ್ರಿಗೂ 111 ಕಿಲೋಮೀಟರನ್ನೇ ಹಿಡಿದ ಕಡೆ. ಅಕ್ಷಾಂಶದ ಒಂದು ಡಿಗ್ರಿ ಭೂಮಿಯ ಮೇಲೆ ಎಲ್ಲಿಯೇ ಅಳೆದರೂ ಹೆಚ್ಚುಕಡಿಮೆ 111 ಕಿಲೋಮೀಟರ್ ಇರುತ್ತದೆ. ಆದರೆ ರೇಖಾಂಶದ ಒಂದು ಡಿಗ್ರಿ ಸಮಭಾಜಕ ವೃತ್ತದ ಮೇಲೆ ಮಾತ್ರ ಅಷ್ಟಿದ್ದು, ಉತ್ತರಕ್ಕೆ ಹೋದಂತೆಲ್ಲ ಕುಗ್ಗುತ್ತ ಹೋಗಿ ಧ್ರುವದಲ್ಲಿ ಸೊನ್ನೆಯಾಗುತ್ತದೆ.

ಕಚೇರಿಯ ಬಾಗಿಲ ಹಿಂದೆ ತೂಗುಹಾಕಿದ್ದ ಎಂಟು ಕಡ್ಡಿಯ ಹಳೆಯ ಛತ್ರಿಯೊಂದನ್ನು ಬಿಚ್ಚಿ ನೋಡಿದೆವು. ಅಂಚಿನಲ್ಲಿ ಎರಡು ಕಡ್ಡಿಗಳ ನಡುವೆ ಮೊಳಕ್ಕೆ ಸ್ವಲ್ಪ ಕಡಿಮೆ ಅಂತರವಿದ್ದರೆ, ತುದಿಯಿಂದ ನಾಲ್ಕು ಬೆರಳು ಕೆಳಗೆ ಅದೇ ಎರಡು ಕಡ್ಡಿಗಳ ನಡುವೆ ಮೂರು ಬೆರಳಷ್ಟೇ ಇತ್ತು. ಕಡ್ಡಿಗಳ ನಡುವಿನ ಕೋನವೇನೂ ಬದಲಾಗಿಲ್ಲ, ಎರಡೂ ಕಡೆ ಅದು 45 ಡಿಗ್ರಿಯೇ. ರೇಖಾಂಶಗಳೆಂದರೆ ಇಂಥ ಕಡ್ಡಿಗಳು. ನಾವು ಕರ್ನಾಟಕದವರು ಛತ್ರಿಯ ಅಂಚಿನ ಹತ್ತಿರ ಇದ್ದೇವೆ, ತಮ್ಮ ಸೋದರ ಸೊಸೆ ಹೋಗುತ್ತಿರುವುದು ತುದಿಯ ಹತ್ತಿರಕ್ಕೆ.

ಎಷ್ಟು ಕುಗ್ಗುತ್ತದೆ ಎಂಬುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಬೆಂಗಳೂರಿನ 13 ಡಿಗ್ರಿಯ ಕೊಸೈನ್ 0.974 ಆದ್ದರಿಂದ ಅಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿಲೋಮೀಟರ್. ತಾವು ಪಾಠ ಹೇಳಿದಷ್ಟು ವರ್ಷವೂ ಈ 111ರ ಲೆಕ್ಕವನ್ನು ಸಾಗರ, ಶಿವಮೊಗ್ಗ, ಬೆಂಗಳೂರುಗಳಿಗೆ ಹಾಕಿ ನೋಡಿದ್ದರೂ ನೂರಕ್ಕೆ ಎರಡು ಮೂರು ಕಿಲೋಮೀಟರಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ದಕ್ಷಿಣದಲ್ಲಿ ವಾಸಿಸುವವರ ತಪ್ಪನ್ನು ಭೂಮಿ ಮನ್ನಿಸಿಬಿಡುತ್ತದೆ. ಸ್ವಾಲ್‌ಬಾರ್ಡ್‌ನಲ್ಲಿ ಹಾಗಲ್ಲ. ತಮ್ಮ ಎರಡು ಊರುಗಳ ನಡುವಣ ಸರಾಸರಿ ಅಕ್ಷಾಂಶ 78.59 ಡಿಗ್ರಿ, ಅದರ ಕೊಸೈನ್ 0.198, ಆದ್ದರಿಂದ ರೇಖಾಂಶದ ಒಂದು ಡಿಗ್ರಿ ಅಲ್ಲಿ ಬರೀ 22 ಕಿಲೋಮೀಟರ್. ತಾವು 400 ಕಿಲೋಮೀಟರ್ ಎಂದು ಹಿಡಿದ ಪೂರ್ವಪಶ್ಚಿಮದ 3.60 ಡಿಗ್ರಿ ನಿಜವಾಗಿ 80 ಕಿಲೋಮೀಟರಿನ ಒಳಗೇ ಮುಗಿಯುತ್ತದೆ, ದಕ್ಷಿಣೋತ್ತರದ 0.68 ಡಿಗ್ರಿ 76 ಕಿಲೋಮೀಟರ್. ಈಗ ಅದೇ ಪೈಥಾಗೊರಸ್ ಪ್ರಮೇಯವನ್ನು ಹಾಕಿದರೆ 110 ಕಿಲೋಮೀಟರ್ ಬರುತ್ತದೆ, ವಿಮಾನ ಹಾರುವುದೂ ಅಷ್ಟೇ ದೂರ. ಇಷ್ಟು ಚಿಕ್ಕ ದೂರಕ್ಕೆ ಭೂಮಿಯ ಗುಂಡಾಕಾರವನ್ನು ಬೇರೆಯಾಗಿ ಲೆಕ್ಕಿಸಬೇಕಾಗಿಲ್ಲ, ಆದ್ದರಿಂದ ಪ್ರಮೇಯವನ್ನು ತಾವು ಬಿಟ್ಟುಕೊಡುವ ಅಗತ್ಯವಿಲ್ಲ, ಅದಕ್ಕೆ ಒಂದು ಕೊಸೈನ್ ಸೇರಿಸಿಕೊಂಡರೆ ಸಾಕು.

ಇನ್ನು ಅವಧಿಯ ವಿಷಯ. ಈ ದಾರಿಯಲ್ಲಿ ಬಹುಕಾಲದಿಂದ ಓಡಾಡಿಕೊಂಡು ಬಂದಿರುವುದು ಡೋರ್ನಿಯರ್ 228 ಎಂಬ ವಿಮಾನ. ಜರ್ಮನಿಯಲ್ಲಿ ಹುಟ್ಟಿದ ಈ ವಿಮಾನವನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಎಚ್‌ಎಎಲ್ ಸಂಸ್ಥೆ 1980ರ ದಶಕದಿಂದ ಪರವಾನಗಿ ಪಡೆದು ಕಾನ್ಪುರದಲ್ಲಿ ತಯಾರಿಸುತ್ತಿರುವುದರಿಂದ, ಹುಡುಗಿ ಹತ್ತುವ ವಿಮಾನದ ಒಡಹುಟ್ಟಿದವರನ್ನು ನಮ್ಮ ಕರಾವಳಿ ಕಾವಲು ಪಡೆಯಲ್ಲಿಯೂ ಕಾಣಬಹುದು. ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗಿದರೆ 110 ಕಿಲೋಮೀಟರಿಗೆ ಹದಿನೆಂಟು ನಿಮಿಷ ಬೇಕು. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗ ಇರುವುದಿಲ್ಲ, ರನ್‌ವೇಯ ದಿಕ್ಕಿಗೆ ಹೊಂದಿಕೊಳ್ಳಲು ಒಂದು ಸುತ್ತು ಬರಬೇಕಾಗಬಹುದು. ಈ ಏರಿಳಿತದ ಏಳು ನಿಮಿಷ ಸೇರಿದರೆ ಇಪ್ಪತ್ತೈದು. ಹಾರಾಟ ಚಿಕ್ಕದಾದಷ್ಟೂ ಏರಿಳಿತದ ಪಾಲು ದೊಡ್ಡದಾಗುವುದರಿಂದ, ದೂರವನ್ನು ವೇಗದಿಂದ ಭಾಗಿಸಿ ಸಿಕ್ಕ ಉತ್ತರ ಇಂಥ ದಾರಿಗಳಲ್ಲಿ ಯಾವಾಗಲೂ ಕಡಿಮೆಯೇ ಇರುತ್ತದೆ.

ನೀ-ಓಲೆಸುಂಡ್‌ನ ರನ್‌ವೇ ಡಾಂಬರಿನದಲ್ಲ, ಸುಮಾರು 800 ಮೀಟರ್ ಉದ್ದದ ಜಲ್ಲಿ ಹಾಸಿನದು. ಅಷ್ಟರಲ್ಲಿ ಜೆಟ್ ವಿಮಾನ ಇಳಿಯಲಾರದು. ಡೋರ್ನಿಯರ್‌ನಂಥ, ಕಡಿಮೆ ಓಟದಲ್ಲಿ ಏರಿ ಇಳಿಯಬಲ್ಲ ವಿಮಾನವೇ ಬೇಕು. ಈ ವಿಮಾನದಲ್ಲಿ ಯಾರು ಬೇಕಾದರೂ ಟಿಕೆಟ್ ಕೊಂಡು ಹತ್ತುವಂತೆಯೂ ಇಲ್ಲ, ಊರನ್ನು ನಡೆಸುವ ನಾರ್ವೆ ಸರ್ಕಾರದ ‘ಕಿಂಗ್ಸ್ ಬೇ’ ಕಂಪನಿಯ ಮೂಲಕ ಆಸನ ಗೊತ್ತುಮಾಡಿಕೊಳ್ಳಬೇಕು. ಹಾರುವ ದಾರಿಯ ಕೆಳಗೆ ರಸ್ತೆಯೆಂಬುದೇ ಇಲ್ಲ. ಮಂಜುಗಡ್ಡೆಯ ನದಿಗಳೂ ಮೊನಚು ಬೆಟ್ಟಗಳೂ ಇವೆ. ಇದೇ 110 ಕಿಲೋಮೀಟರಿನ ಎರಡು ತುದಿಗಳನ್ನು ದೋಣಿಯಲ್ಲಿ ಸೇರಬೇಕಾದರೆ ಕಡಲಿಗೆ ಇಳಿದು ದ್ವೀಪದ ಪಶ್ಚಿಮದ ಅಂಚನ್ನು ಬಳಸಬೇಕು, ಆಗ ದೂರ ಬಹಳ ಹೆಚ್ಚುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ತಮ್ಮ ಲೆಕ್ಕಕ್ಕೆ ಆಧಾರವಾದ ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಭೂಮಿಯ ಮೇಲೆ ಗಟ್ಟಿಯಾಗಿ ನಿಲ್ಲಿಸುವ ಕೆಲಸದ ಒಂದು ಭಾಗ ನಡೆಯುವುದು ಇದೇ ನೀ-ಓಲೆಸುಂಡ್‌ನಲ್ಲಿ. ಅಲ್ಲಿ ನಾರ್ವೆಯ ಭೂಮಾಪನ ಸಂಸ್ಥೆಯ ಎರಡು ದೊಡ್ಡ ರೇಡಿಯೊ ದೂರದರ್ಶಕಗಳು ಕೋಟ್ಯಂತರ ಜ್ಯೋತಿರ್ವರ್ಷ ದೂರದ ಆಕಾಶಕಾಯಗಳಿಂದ ಬರುವ ಕ್ಷೀಣ ಅಲೆಗಳನ್ನು ಹಿಡಿಯುತ್ತವೆ. ಬೇರೆ ಬೇರೆ ದೇಶಗಳ ಇಂಥದೇ ದೂರದರ್ಶಕಗಳಿಗೆ ಅದೇ ಅಲೆ ಎಷ್ಟು ತಡವಾಗಿ ತಲುಪಿತು ಎಂಬುದನ್ನು ಹೋಲಿಸಿ, ಭೂಮಿಯ ಮೇಲಿನ ಜಾಗಗಳ ಅಂತರವನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ತಿಳಿಯುತ್ತಾರೆ. ಆ ಕ್ಷೀಣ ಅಲೆಗಳಿಗೆ ಅಡ್ಡಿಯಾಗಬಾರದೆಂದು ಸುತ್ತ 20 ಕಿಲೋಮೀಟರಿನ ಒಳಗೆ ವೈಫೈ, ಬ್ಲೂಟೂತ್ ಎರಡನ್ನೂ ನಿಷೇಧಿಸಿದ್ದಾರೆ. ಮೊಬೈಲ್ ಫೋನನ್ನು ವಿಮಾನದಲ್ಲಿ ‘ಫ್ಲೈಟ್ ಮೋಡ್’ಗೆ ಹಾಕಿದವರು ಇಳಿದ ಮೇಲೂ ಹಾಗೆಯೇ ಇಟ್ಟುಕೊಳ್ಳಬೇಕಾದ ಊರು ಇದು.

ಪ್ರಶ್ನೆ: ಹಿಂದಿನ ಚಳಿಗಾಲದಲ್ಲಿ ನಾನು ಮತ್ತು ನನ್ನ ಪತಿ ನಾರ್ವೆಯ ಟ್ರೊಮ್ಸೊ ನಗರದಿಂದ ಲಾಂಗ್‌ಯಿಯರ್‌ಬಿಯೆನ್‌ಗೆ ಹೋಗಿಬಂದೆವು. ಈ ಎರಡು ನಿಲ್ದಾಣಗಳ ದೂರ ಒಂದು ಜಾಲತಾಣದಲ್ಲಿ 958, ಇನ್ನೊಂದರಲ್ಲಿ 961 ಕಿಲೋಮೀಟರ್ ಎಂದಿದೆ. ಟಿಕೆಟ್‌ನಲ್ಲಿ ಪ್ರಯಾಣ ಒಂದು ಗಂಟೆ ನಲವತ್ತು ನಿಮಿಷ ಎಂದಿದ್ದರೂ ನಾವು ಗಾಳಿಯಲ್ಲಿದ್ದದ್ದು ಒಂದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಯಾವುದನ್ನು ನಂಬಬೇಕು?
— ಬೆಂಗಳೂರಿನ ಓದುಗರು

ಉತ್ತರ: ಎರಡು ದೂರಗಳೂ ಸರಿಯೆಂದೇ ಹೇಳಬೇಕಾಗುತ್ತದೆ. ಭೂಮಿಯನ್ನು ಚೆಂಡಿನಂತೆ ಪೂರ್ತಿ ದುಂಡಗೆ ಹಿಡಿದು ಲೆಕ್ಕ ಹಾಕಿದರೆ 958 ಕಿಲೋಮೀಟರ್ ಬರುತ್ತದೆ. ಆದರೆ ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಅಲ್ಲಿ ಅದರ ಬಾಗು ಕಡಿಮೆ, ಬಾಗು ಕಡಿಮೆಯಾದ ಕಡೆ ಒಂದು ಡಿಗ್ರಿ ಕ್ರಮಿಸಲು ಹೆಚ್ಚು ದೂರ ನಡೆಯಬೇಕು. ಅಕ್ಷಾಂಶದ ಒಂದು ಡಿಗ್ರಿ ಸಮಭಾಜಕದ ಬಳಿ 110.6 ಕಿಲೋಮೀಟರ್ ಇದ್ದದ್ದು ಧ್ರುವದ ಬಳಿ 111.7 ಆಗುತ್ತದೆ. ಈ ಚಪ್ಪಟೆತನವನ್ನು ಗಣನೆಗೆ ತೆಗೆದುಕೊಂಡ ಜಾಲತಾಣ 961 ಎಂದಿದೆ. ಮೇಷ್ಟರಿಗೆ ಕೊಟ್ಟ ಉತ್ತರದಲ್ಲಿ ‘ಹೆಚ್ಚುಕಡಿಮೆ 111’ ಎಂದು ನಾವು ನುಣುಚಿಕೊಂಡದ್ದರ ಹಿಂದೆ ಇರುವುದೂ ಇದೇ. ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಹೇಳುವುದಾದರೆ, 1.852 ಕಿಲೋಮೀಟರಿಗೆ ಒಂದರಂತೆ, ಇದು 519.

ಅವಧಿಯಲ್ಲಿ ಕಂಡ ವ್ಯತ್ಯಾಸಕ್ಕೆ ಕಾರಣ ಬೇರೆ. ಟಿಕೆಟ್ ಮೇಲೆ ಅಚ್ಚಾಗುವ ಅವಧಿ ವಿಮಾನ ತನ್ನ ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಊರಿನ ಗೇಟ್‌ಗೆ ಬಂದು ನಿಲ್ಲುವವರೆಗಿನದು. ಅದರಲ್ಲಿ ಹಿಂದಕ್ಕೆ ತಳ್ಳಿಸಿಕೊಳ್ಳುವುದು, ರನ್‌ವೇ ತುದಿಗೆ ಉರುಳುವುದು, ಸರದಿಗಾಗಿ ಕಾಯುವುದು ಎಲ್ಲವೂ ಸೇರುತ್ತವೆ. ಚಳಿಗಾಲದ ಟ್ರೊಮ್ಸೊದಲ್ಲಿ ಇನ್ನೂ ಒಂದು ಕೆಲಸವಿದೆ. ಏರುವ ಮುನ್ನ, ಏಣಿಯ ತುದಿಯ ಗೂಡಿನಲ್ಲಿ ಕುಳಿತ ಕೆಲಸಗಾರರು ರೆಕ್ಕೆಗಳ ಮೇಲೆ ಬಿಸಿ ದ್ರಾವಣವನ್ನು ಎರಚಿ ಹಿಮವನ್ನು ಕರಗಿಸುತ್ತಾರೆ. ಕಿಟಕಿಯ ಗಾಜಿನ ಮೇಲೆ ಕಿತ್ತಳೆ ಬಣ್ಣದ ನೀರು ಇಳಿದುಹೋದದ್ದನ್ನು ನೀವೂ ನೋಡಿರಬಹುದು. ರೆಕ್ಕೆಯ ಮೇಲೆ ಉಪ್ಪುಕಾಗದದಷ್ಟು ತರಿಯಾದ ಹಿಮ ಉಳಿದರೂ ಗಾಳಿಯ ಹರಿವು ಕೆಟ್ಟು ವಿಮಾನವನ್ನು ಎತ್ತುವ ಬಲ ಕುಂದುತ್ತದೆಯಾದ್ದರಿಂದ ಇದನ್ನು ಬಿಡುವಂತಿಲ್ಲ. ಇದಕ್ಕೆ ಹಿಡಿಯುವ ನಿಮಿಷಗಳನ್ನು ಊಹಿಸಿಯೇ ಕಂಪನಿಗಳು ವೇಳಾಪಟ್ಟಿ ಬರೆಯುತ್ತವೆ.

ಜೆಟ್ ವಿಮಾನ ಗಂಟೆಗೆ ಸುಮಾರು 830 ಕಿಲೋಮೀಟರಿನಂತೆ ಸಾಗಿದರೆ 961 ಕಿಲೋಮೀಟರಿಗೆ ಅರವತ್ತೊಂಬತ್ತು ನಿಮಿಷ. ಏರಿಳಿತದ ನಿಧಾನಕ್ಕೆ ಹತ್ತು ನಿಮಿಷ ಸೇರಿಸಿದರೆ ನೀವು ಕಂಡ ಅವಧಿ ಸಿಗುತ್ತದೆ. ಗಾಳಿ ಇಲ್ಲಿ ಅಷ್ಟು ಕಾಟ ಕೊಡುವುದಿಲ್ಲ. ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದು, ನಿಮ್ಮ ದಾರಿ ನಡುವಿನ ಕರಡಿ ದ್ವೀಪದ ನೆರೆಯಲ್ಲೇ ಹಾದು ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೋಗುವುದು. ಆದ್ದರಿಂದ ಗಾಳಿ ಎದುರಿನಿಂದಾಗಲಿ ಬೆನ್ನ ಹಿಂದಿನಿಂದಾಗಲಿ ಬರದೆ ಬಹುಪಾಲು ಪಕ್ಕದಿಂದ ತಳ್ಳುತ್ತದೆ. ಪೂರ್ವಪಶ್ಚಿಮವಾಗಿ ಹಾರುವವರ ಪಾಡು ಹಾಗಲ್ಲ. ಇದೇ ದೂರವನ್ನು ಗಂಟೆಗೆ 100 ಕಿಲೋಮೀಟರಿನ ಗಾಳಿಗೆ ಎದುರಾಗಿ ಹೋದರೆ ಎಪ್ಪತ್ತೊಂಬತ್ತು ನಿಮಿಷ, ಅದೇ ಗಾಳಿ ಬೆನ್ನಿಗಿದ್ದಾಗ ಮರಳಿದರೆ ಅರವತ್ತೆರಡು ನಿಮಿಷ. ಎರಡನ್ನೂ ಕೂಡಿಸಿದರೆ, ಗಾಳಿಯೇ ಇಲ್ಲದ ದಿನದ ಹೋಗಿಬರುವ ಹೊತ್ತಿಗಿಂತ ಎರಡು ಮೂರು ನಿಮಿಷ ಹೆಚ್ಚೇ ಆಗುತ್ತದೆ. ಹೋಗುವಾಗ ಕಳೆದುಕೊಂಡ ಹೊತ್ತನ್ನು ಗಾಳಿ ಬರುವಾಗ ಪೂರ್ತಿಯಾಗಿ ತೀರಿಸುವುದಿಲ್ಲ, ಏಕೆಂದರೆ ಅದು ನಮ್ಮನ್ನು ತಡೆಯುವ ಅವಧಿಯೇ ನೂಕಿಕೊಡುವ ಅವಧಿಗಿಂತ ಉದ್ದ.

ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಹೊತ್ತು ನುಂಗುವುದು ಇಳಿಯುವ ಹಂತ. 1975ರಲ್ಲಿ ಆರಂಭವಾದ ಈ ನಿಲ್ದಾಣ ಸದಾ ಹೆಪ್ಪುಗಟ್ಟಿದ ನೆಲದ ಮೇಲೆ, ಕಡಲ ಚಾಚಿನ ದಂಡೆಯಲ್ಲಿ, ಬೆಟ್ಟಗಳ ಮಗ್ಗುಲಲ್ಲಿದೆ. 1996ರ ಆಗಸ್ಟ್ 29ರಂದು ಇಲ್ಲಿಗೆ ಇಳಿಯುತ್ತಿದ್ದ ರಷ್ಯದ ವಿಮಾನವೊಂದು ಮೋಡ ಮುಸುಕಿದ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 141 ಜನರೂ ಸತ್ತರು. ಜೆಟ್ ವಿಮಾನ ಇಳಿಯಬಲ್ಲ ಇನ್ನೊಂದು ನಿಲ್ದಾಣ ದ್ವೀಪಸಮೂಹದಲ್ಲಿ ಇಲ್ಲದಿರುವುದರಿಂದ, ಮಂಜು ಕವಿದರೆ ನಾರ್ವೆಯ ನೆಲಕ್ಕೆ ಮರಳಲು ಬೇಕಾಗುವಷ್ಟು ಇಂಧನವನ್ನು ಹೊತ್ತೇ ಹೋಗುತ್ತಾರೆ. ಹಾಗೆ ಮರಳಿದ ದಿನ 961 ಕಿಲೋಮೀಟರಿನ ಪ್ರಯಾಣಿಕರು ಅದರ ಇಮ್ಮಡಿ ದೂರ ಹಾರಿಯೂ ಹೊರಟಲ್ಲಿಯೇ ಇರುತ್ತಾರೆ.

ಪ್ರಶ್ನೆ: ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ದಾರಿ ಜಪಾನಿನ ಮೇಲೆ ಹಾದು ಪೂರ್ವಕ್ಕೆ ಹೋಗಬೇಕು. 2021ರಲ್ಲಿ ಈ ಎರಡು ಊರುಗಳ ನಡುವೆ ಹಾರಿದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದದ್ದು ಏಕೆ?
— ಮೈಸೂರಿನ ಓದುಗರು

ಉತ್ತರ: ಗೋಡೆಯ ಭೂಪಟ ಛತ್ರಿಯ ಬಟ್ಟೆಯನ್ನು ತುದಿಯಲ್ಲಿ ಎಳೆದೆಳೆದು ಅಂಚಿನಷ್ಟೇ ಅಗಲ ಮಾಡಿ ಮೊಳೆ ಹೊಡೆದಂಥದ್ದು. 1569ರಲ್ಲಿ ಮರ್ಕೇಟರ್ ರೂಪಿಸಿದ ಆ ಪಟದಲ್ಲಿ ನೀ-ಓಲೆಸುಂಡ್‌ನ ಸುತ್ತಲ ನೆಲ ಉದ್ದಕ್ಕೂ ಅಡ್ಡಕ್ಕೂ ಐದು ಪಾಲಿಗೂ ಮಿಗಿಲಾಗಿ ಹಿಗ್ಗಿಹೋಗಿರುತ್ತದೆ. ಆಫ್ರಿಕಾದ ಹದಿನಾಲ್ಕನೆಯ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾಕ್ಕೆ ಸಾಟಿಯಾಗಿ ಕಾಣುತ್ತದೆ. ಹಡಗಿನವರಿಗೆ ದಿಕ್ಕು ಹಿಡಿಯಲು ಅದು ಅನುಕೂಲ, ದೂರ ಅಳೆಯಲು ಅಲ್ಲ.

ಶಾಲೆಯ ಗ್ಲೋಬಿನ ಮೇಲೆ ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೊಗೂ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ತಾನಾಗಿ ಧ್ರುವದ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ಏಕೆಂದರೆ ಎರಡು ಊರುಗಳ ರೇಖಾಂಶಗಳ ನಡುವೆ ಹತ್ತಿರ ಹತ್ತಿರ ಅರ್ಧ ಸುತ್ತು ಇದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರ್. 2021ರ ಜನವರಿ 9ರಂದು ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನ, ಮಹಿಳೆಯರೇ ನಡೆಸಿದ ಹಾರಾಟದಲ್ಲಿ, ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ನಿಜವಾಗಿ ಹಾರುವ ದೂರ ದಾರದ ಉದ್ದಕ್ಕಿಂತ ಯಾವಾಗಲೂ ಹೆಚ್ಚು. ಗಾಳಿ, ದೇಶಗಳ ಅನುಮತಿ, ತುರ್ತಿನಲ್ಲಿ ಇಳಿಯಲು ಹತ್ತಿರದಲ್ಲಿರಬೇಕಾದ ನಿಲ್ದಾಣಗಳು ಇವೆಲ್ಲವೂ ದಾರಿಯನ್ನು ಬಾಗಿಸುತ್ತವೆ.

ಪ್ರಶ್ನೆ: ಧ್ರುವದ ಹತ್ತಿರ ದಿಕ್ಸೂಚಿ ಕೆಲಸ ಮಾಡುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಪೈಲಟ್‌ಗಳು ಹತ್ತಿರದ ದಾರಿಯನ್ನು ಹಿಡಿಯುವುದು ಹೇಗೆ?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಿಕ್ಸೂಚಿಯ ಮುಳ್ಳು ತೋರಿಸುವುದು ಭೂಮಿಯ ಕಾಂತಧ್ರುವವನ್ನು, ಅದು ನಿಜವಾದ ಉತ್ತರ ಧ್ರುವದಲ್ಲಿಲ್ಲ. ಅದು ಕೆನಡಾದ ಉತ್ತರ ದ್ವೀಪಗಳ ಕಡೆಯಿಂದ ಸೈಬೀರಿಯದ ಕಡೆಗೆ ಸರಿಯುತ್ತಲೂ ಇದೆ. ಅದರ ಹತ್ತಿರ ಹೋದಂತೆ ಮುಳ್ಳನ್ನು ಅಡ್ಡಲಾಗಿ ತಿರುಗಿಸುವ ಸೆಳೆತ ಕುಗ್ಗಿ, ಕೆಳಕ್ಕೆ ಎಳೆಯುವ ಸೆಳೆತ ಹೆಚ್ಚುವುದರಿಂದ ಮುಳ್ಳು ಸೋಮಾರಿಯಾಗುತ್ತದೆ. ನಮ್ಮಲ್ಲಿ ರನ್‌ವೇಗಳಿಗೆ ಸಂಖ್ಯೆ ಕೊಡುವುದು ದಿಕ್ಸೂಚಿ ತೋರಿಸುವ ದಿಕ್ಕಿನಿಂದ. ಬೆಂಗಳೂರಿನಲ್ಲಿ 09 ಮತ್ತು 27 ಎಂದು ಬರೆದಿದ್ದರೆ ಅವು 90 ಮತ್ತು 270 ಡಿಗ್ರಿಗಳ ಕಡೆಗೆ ಎಂದು ಅರ್ಥ. ಕೆನಡಾದ ಉತ್ತರ ತುದಿಯ ರೆಸಲ್ಯೂಟ್ ನಿಲ್ದಾಣದಲ್ಲಿ ಹಾಗೆ ಮಾಡಿದರೆ ಕೆಲವೇ ವರ್ಷಗಳಲ್ಲಿ ಸಂಖ್ಯೆ ಅಳಿಸಿ ಬರೆಯಬೇಕಾದೀತು. ಅದಕ್ಕೇ ಅಲ್ಲಿ 17, 35 ಎಂಬ ಸಂಖ್ಯೆಗಳ ಮುಂದೆ ‘ಟಿ’ ಅಕ್ಷರವನ್ನು ಸೇರಿಸಿ, ಇವು ನಿಜವಾದ ಉತ್ತರದಿಂದ ಎಣಿಸಿದವು ಎಂದು ತಿಳಿಸಿದ್ದಾರೆ.

ಈಗಿನ ವಿಮಾನಗಳು ಉಪಗ್ರಹಗಳ ಸಹಾಯದಿಂದಲೂ, ತಾವು ಯಾವ ಕಡೆಗೆ ಎಷ್ಟು ಚಲಿಸಿದೆವೆಂಬುದನ್ನು ಒಳಗಿನಿಂದಲೇ ಅಳೆದಿಟ್ಟುಕೊಳ್ಳುವ ಉಪಕರಣಗಳಿಂದಲೂ ದಾರಿ ಹಿಡಿಯುತ್ತವೆ. ಆದರೂ ಒಂದು ವಿಚಿತ್ರ ಉಳಿಯುತ್ತದೆ. ಮೇಷ್ಟರ ಸೋದರ ಸೊಸೆಯ ವಿಮಾನ ಎಲ್ಲಿಯೂ ತಿರುಗದೆ ನೆಟ್ಟಗೆ ಹಾರಿದರೂ, 110 ಕಿಲೋಮೀಟರ್ ಮುಗಿಯುವಷ್ಟರಲ್ಲಿ ಅದರ ದಿಕ್ಕಿನ ಅಂಕಿ ಮೂರೂವರೆ ಡಿಗ್ರಿ ಬದಲಾಗಿರುತ್ತದೆ. ವಿಮಾನ ತಿರುಗಿಲ್ಲ, ‘ಉತ್ತರ’ ಎಂಬ ಗೆರೆಯೇ ಒಂದು ಊರಿನಿಂದ ಇನ್ನೊಂದಕ್ಕೆ ಅಷ್ಟು ಓರೆಯಾಗಿದೆ. ಧ್ರುವದ ನೆತ್ತಿಯ ಮೇಲೆ ಹಾದವರಿಗಂತೂ ಉತ್ತರಕ್ಕೆ ಹೋಗುತ್ತಿದ್ದದ್ದು ಒಂದು ಕ್ಷಣದಲ್ಲಿ ದಕ್ಷಿಣಕ್ಕೆ ಹೋಗುವುದಾಗುತ್ತದೆ, ಚಕ್ಕೆಯಷ್ಟೂ ತಿರುವಿಲ್ಲದೆ. ಈ ಉಪಕರಣಗಳಾವುವೂ ಇಲ್ಲದ 1926ರ ಮೇ ತಿಂಗಳಲ್ಲಿ, ಸೂರ್ಯನ ಎತ್ತರವನ್ನು ಅಳೆದುಕೊಂಡು, ನಾರ್ವೆಯ ಧ್ರುವಾನ್ವೇಷಕ ಅಮುಂಡ್‌ಸೆನ್, ಇಟಲಿಯ ವಾಯುನೌಕೆ ತಜ್ಞ ನೊಬಿಲೆ ಮತ್ತು ಸಂಗಡಿಗರು ‘ನೋರ್ಗೆ’ ಎಂಬ ವಾಯುನೌಕೆಯಲ್ಲಿ ಇದೇ ನೀ-ಓಲೆಸುಂಡ್‌ನಿಂದ ಹೊರಟು ಧ್ರುವದ ಮೇಲೆ ಹಾದು ಮೂರು ದಿನಗಳ ಪ್ರಯಾಣದ ಬಳಿಕ ಅಲಾಸ್ಕದ ಟೆಲ್ಲರ್‌ನಲ್ಲಿ ಇಳಿದರು. ಆ ವಾಯುನೌಕೆಯನ್ನು ಕಟ್ಟಿಹಾಕಿದ್ದ ಉಕ್ಕಿನ ಗೋಪುರ ಊರಿನ ಹೊರಗೆ ಈಗಲೂ ನಿಂತಿದೆ.

ಪ್ರಶ್ನೆ: ಒಂದು ಗಂಟೆಯ ಹಾರಾಟಕ್ಕೆ ದಿನವೇ ಬದಲಾಗುವ ಎರಡು ನಿಲ್ದಾಣಗಳು ಉತ್ತರದಲ್ಲಿವೆ ಎಂದು ಗೆಳೆಯರು ಪಂಥ ಕಟ್ಟಿದ್ದಾರೆ. ನಿಜವೇ?
— ಉಡುಪಿಯ ಓದುಗರು

ಉತ್ತರ: ನಿಜ, ಪಂಥದ ಹಣವನ್ನು ಕೊಟ್ಟುಬಿಡಿ. ಅಲಾಸ್ಕದ ನೋಮ್‌ಗೂ ರಷ್ಯದ ಪ್ರೊವಿಡೆನಿಯಾಕ್ಕೂ ನಡುವೆ ಸುಮಾರು 375 ಕಿಲೋಮೀಟರ್ ದೂರವಿದೆ, ಆದರೆ ಅಂತರರಾಷ್ಟ್ರೀಯ ದಿನರೇಖೆ ನಡುವೆ ಹಾದುಹೋಗಿದೆ. ಬೇಸಿಗೆಯಲ್ಲಿ ಎರಡು ಊರುಗಳ ಗಡಿಯಾರಗಳಿಗೆ ಇಪ್ಪತ್ತು ಗಂಟೆಯ ಅಂತರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೋಮ್ ಬಿಟ್ಟು ಒಂದು ಗಂಟೆ ಹಾರಿದವರು ಮಂಗಳವಾರ ಬೆಳಿಗ್ಗೆ ಏಳಕ್ಕೆ ಇಳಿಯುತ್ತಾರೆ. ಅಂದೇ ಹತ್ತಕ್ಕೆ ಅಲ್ಲಿಂದ ಮರಳಿದರೆ ಸೋಮವಾರ ಮಧ್ಯಾಹ್ನ ಮೂರಕ್ಕೆ ನೋಮ್‌ನಲ್ಲಿರುತ್ತಾರೆ. ಲೆಕ್ಕ ಸುಲಭವಾದರೂ ಪ್ರಯಾಣ ಸುಲಭವಾಗಿರಲಿಲ್ಲ. 1948ರಿಂದ ಮುಚ್ಚಿದ್ದ ಆ ಗಡಿಯನ್ನು ದಾಟಿ 1988ರ ಜೂನ್ 13ರಂದು ಅಲಾಸ್ಕ ಏರ್‌ಲೈನ್ಸ್‌ನ ವಿಮಾನವೊಂದು ಹೋದಾಗ, ಅದರಲ್ಲಿದ್ದ ಅಲ್ಲಿನ ಮೂಲನಿವಾಸಿಗಳು ನಲವತ್ತು ವರ್ಷಗಳಿಂದ ಕಾಣದ ಬಂಧುಗಳನ್ನು ಕಂಡರು. ಗಡಿಯಾರವನ್ನು ಮಾತ್ರ ನೋಡಿ ಹಾರಾಟದ ಅವಧಿ ಎಣಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿದಿಲ್ಲ.

ಪ್ರಶ್ನೆ (ಮೇಷ್ಟರ ಲಕೋಟೆಯಲ್ಲೇ ಇದ್ದ ಇನ್ನೊಂದು ಚೀಟಿ): ಅಣ್ಣನ ಲೆಕ್ಕ ಏನೇ ಇರಲಿ, ಮಗಳು ಬೆಂಗಳೂರು ಬಿಟ್ಟ ಮೇಲೆ ಅಲ್ಲಿಗೆ ತಲುಪಲು ಒಟ್ಟು ಎಷ್ಟು ಹೊತ್ತು ಬೇಕು? ‘ಮುಟ್ಟಿದೆ’ ಎಂಬ ಫೋನಿಗೆ ನಾನು ಯಾವಾಗ ಕಾಯಬೇಕು?
— ತಾಯಿ

ಉತ್ತರ: ಅಮ್ಮಾ, ಗಾಳಿಯಲ್ಲಿರುವ ಹೊತ್ತನ್ನು ಮಾತ್ರ ಕೂಡಿಸಿದರೆ ಹದಿನೈದು ಗಂಟೆಗಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ 7,400 ಕಿಲೋಮೀಟರ್, ಸುಮಾರು ಹತ್ತು ಗಂಟೆ. ಅಲ್ಲಿಂದ ಓಸ್ಲೊಗೆ ಎರಡು ಗಂಟೆ. ಓಸ್ಲೊದಿಂದ ಲಾಂಗ್‌ಯಿಯರ್‌ಬಿಯೆನ್‌ಗೆ ಸುಮಾರು 2,020 ಕಿಲೋಮೀಟರ್, ನಿಲ್ಲದೆ ಹೋದರೆ ಮೂರು ಗಂಟೆ. ಕೊನೆಯದು ಆ ಇಪ್ಪತ್ತೈದು ನಿಮಿಷ. ಆದರೆ ಈ ಕೂಡಿಕೆಯನ್ನು ನಂಬಿ ಕುಳಿತರೆ ನಿಮಗೆ ಸುಮ್ಮನೆ ಆತಂಕವಾದೀತು. ಕೊನೆಯ ಚಿಕ್ಕ ವಿಮಾನ ದಿನವೂ ಇರುವುದಿಲ್ಲ, ಇರುವ ದಿನವೂ ಹವೆ ಕೆಟ್ಟರೆ ಹೊರಡುವುದಿಲ್ಲ. 110 ಕಿಲೋಮೀಟರಿಗಾಗಿ ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಒಂದೆರಡು ರಾತ್ರಿ ಕಳೆಯುವುದು ಅಲ್ಲಿ ಮಾಮೂಲು. ಬೆಂಗಳೂರು ಬಿಟ್ಟ ಮೂರನೆಯ ಅಥವಾ ನಾಲ್ಕನೆಯ ದಿನ ಎಂದು ಇಟ್ಟುಕೊಳ್ಳಿ. ಮಗಳಿಗೆ ಒಂದು ಮಾತು ನೆನಪಿಸಿ: ಸ್ವಾಲ್‌ಬಾರ್ಡ್ ನಾರ್ವೆಗೆ ಸೇರಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ. ಅಲ್ಲಿಗೆ ವೀಸಾ ಬೇಡವಾದರೂ, ಹೋಗುವಾಗ ಒಮ್ಮೆ ಮರಳುವಾಗ ಒಮ್ಮೆ ಓಸ್ಲೊ ಮುಟ್ಟಬೇಕಾದ್ದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾವೇ ಆಗಬೇಕು.

ಹಿಮಾದ್ರಿ 2008ರಲ್ಲಿ ಆರಂಭವಾದ ಕೇಂದ್ರ, ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನೋಡಿಕೊಳ್ಳುತ್ತದೆ. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು, ಆದ್ದರಿಂದ ನಿಮ್ಮ ಮಗಳು ಹೋಗುತ್ತಿರುವುದು ನಮ್ಮವರು ಕಂಡ ಊರಿಗೇ. ಫೋನಿನ ವಿಷಯದಲ್ಲಿ, ಮೊದಲ ಉತ್ತರದಲ್ಲಿ ಹೇಳಿದಂತೆ ಇಳಿದೊಡನೆ ಆಕೆ ಮೊಬೈಲ್ ತೆಗೆದು ಕರೆ ಮಾಡುವಂತಿಲ್ಲ. ಕೇಂದ್ರವನ್ನು ಸೇರಿ, ಮೈಮೇಲಿನ ದಪ್ಪ ಬಟ್ಟೆಗಳನ್ನು ಕಳಚಿ, ತಂತಿಯ ಮೂಲಕ ಇಂಟರ್ನೆಟ್ ಇರುವ ಕಂಪ್ಯೂಟರಿನ ಮುಂದೆ ಕುಳಿತ ಮೇಲೆಯೇ ಸುದ್ದಿ ಬರುವುದು. ಅಲ್ಲಿ ಮಧ್ಯಾಹ್ನ ಎರಡಕ್ಕೆ ವಿಮಾನ ಹೊರಟರೆ ಇಲ್ಲಿ ಬೇಸಿಗೆಯಲ್ಲಾದರೆ ಸಂಜೆ ಐದೂವರೆ, ಚಳಿಗಾಲದಲ್ಲಾದರೆ ಆರೂವರೆ. ಆ ಇಪ್ಪತ್ತೈದು ನಿಮಿಷದ ಹಾರಾಟಕ್ಕೆ ನೀವು ಎರಡು ಗಂಟೆ ಕೊಟ್ಟು, ರಾತ್ರಿಯ ಊಟದ ಹೊತ್ತಿಗೆ ಫೋನಿನ ಹತ್ತಿರ ಇರಿ.